ಈ ಟೆಂಟಿನೊಳಗೆ ಕೂತರೆ ಜಿಂಕೆಗೆ ನೀವು ಕಾಣುವುದೇ ಇಲ್ಲವೇ? ಬೇಟೆ ಟೆಂಟು, ಕುರ್ಚಿಗಳ ನಿಜ ಸಂಗತಿ

ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಒಂದು ಬಗೆಯ ವಿಡಿಯೊ ನಿಮಗೂ ಬಂದಿರಬಹುದು. ಎಲೆ, ಕಡ್ಡಿಗಳ ಚಿತ್ತಾರವಿರುವ ಒಂದು ಪುಟ್ಟ ಟೆಂಟು. ಒಳಗೆ ಇಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಗೋಡೆಯ ಬಟ್ಟೆಯ ಮೂಲಕವೇ ಹೊರಗಿನ ಹುಲ್ಲುಗಾವಲು ಗಾಜಿನಾಚೆ ಕಂಡಂತೆ ಕಾಣುತ್ತದೆ. ಹತ್ತಡಿ ದೂರದಲ್ಲಿ ಜಿಂಕೆಯೊಂದು ನಿಶ್ಚಿಂತೆಯಿಂದ ಮೇಯುತ್ತಿದೆ. ಕೆಳಗೆ ಬರಹ: ಇದು ಸೈನ್ಯದ ತಂತ್ರಜ್ಞಾನ, ಒಳಗೆ ಕೂತವರು ಯಾವ ಪ್ರಾಣಿಗೂ ಕಾಣುವುದಿಲ್ಲ, ವಾಸನೆಯೂ ಹೊರಗೆ ಹೋಗುವುದಿಲ್ಲ. ಅದರ ಬೆನ್ನಿಗೇ ಖರೀದಿಸುವ ಲಿಂಕ್.

ಇದರ ಬಗ್ಗೆ ನಮಗೆ ಎರಡು ಬಗೆಯ ಪ್ರಶ್ನೆಗಳು ಬಂದಿವೆ. ಊರಿನಿಂದ ಬರೆದವರೊಬ್ಬರು, ತೋಟಕ್ಕೆ ಹಂದಿ ಕಾಟ, ಇದನ್ನು ತರಿಸಿದರೆ ಉಪಯೋಗವಾಗುತ್ತದೆಯೇ ಎಂದು ಕೇಳಿದ್ದಾರೆ. ಅಮೆರಿಕದ ಮಿನ್ನೆಸೋಟದಲ್ಲಿರುವ ಓದುಗರೊಬ್ಬರು, ಆಫೀಸಿನ ಗೆಳೆಯರು ನವೆಂಬರಿನಲ್ಲಿ ಜಿಂಕೆ ಬೇಟೆಗೆ ಕರೆಯುತ್ತಿದ್ದಾರೆ, ಟೆಂಟು ಮತ್ತು ಕುರ್ಚಿ ನೀವೇ ತನ್ನಿ ಅಂದಿದ್ದಾರೆ, ಯಾವುದು ಕೊಳ್ಳಲಿ ಎಂದು ಕೇಳಿದ್ದಾರೆ. ಟೆಂಟು ಒಂದೇ ಆದರೂ ಇಬ್ಬರಿಗೂ ನಾವು ಕೊಡುವ ಉತ್ತರ ಬೇರೆ ಬೇರೆ. ಒಬ್ಬರಿಗೆ ಇದು ಖರೀದಿಯ ಪ್ರಶ್ನೆ, ಇನ್ನೊಬ್ಬರಿಗೆ ಜೈಲಿನ ಪ್ರಶ್ನೆ. ಜೈಲಿನ ವಿಷಯಕ್ಕೆ ಆಮೇಲೆ ಬರೋಣ, ಮೊದಲು ಟೆಂಟನ್ನೇ ನೋಡೋಣ.

ಇದು ಯಾವ ಟೆಂಟು?

ಅಮೆರಿಕದಲ್ಲಿ ಇದಕ್ಕೆ ಗ್ರೌಂಡ್ ಬ್ಲೈಂಡ್ ಎನ್ನುತ್ತಾರೆ. ನೆಲದ ಮೇಲೆ ಅಡಗಿ ಕೂರುವ ಮರೆ. ನಮ್ಮಲ್ಲಿ ಬೆಳೆ ಕಾಯಲು ಹೊಲದಲ್ಲಿ ಕಟ್ಟುವ ಮಾಳ, ಹಳೆಯ ಬೇಟೆಯ ಕಥೆಗಳಲ್ಲಿ ಬರುವ ಮರದ ಮೇಲಿನ ಮಚಾನು ಇವೆಲ್ಲ ಇದರ ದೂರದ ನೆಂಟರು. ಕೆನೆತ್ ಆಂಡರ್ಸನ್ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಮಚಾನಿನ ಮೇಲೆ ರಾತ್ರಿಯೆಲ್ಲ ಕೂರುವುದು ಎಷ್ಟು ಪ್ರಯಾಸದ ಕೆಲಸ ಎಂದು ಗೊತ್ತಿರುತ್ತದೆ.

ಅಮೆರಿಕದಲ್ಲೂ ಮರಕ್ಕೆ ಕಟ್ಟುವ ಆಸನಗಳು ಬಹಳ ಬಳಕೆಯಲ್ಲಿವೆ. ಆದರೆ ಅಲ್ಲಿನ ಬೇಟೆಗಾರರು ಗಾಯಗೊಳ್ಳುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಮರದ ಆಸನದಿಂದ ಬೀಳುವುದು. ನೆಲದ ಬ್ಲೈಂಡಿನಿಂದ ಯಾರೂ ಬೀಳುವುದಿಲ್ಲ. ವಯಸ್ಸಾದವರು, ಮಕ್ಕಳು, ಗಾಲಿಕುರ್ಚಿಯಲ್ಲಿರುವವರೂ ಕೂರಬಹುದು. ಇದರ ನಿಜವಾದ ದೊಡ್ಡ ಲಾಭ ಇದೇ, ವಿಡಿಯೊದಲ್ಲಿ ಹೇಳುವ ಮಾಯ ಅಲ್ಲ.

ಒಳಗಿಂದ ಕಾಣುತ್ತದೆ, ಹೊರಗಿಂದ ಕಾಣುವುದಿಲ್ಲ: ಹೇಗೆ?

ಇದರಲ್ಲಿ ಸೈನ್ಯದ ರಹಸ್ಯ ಏನೂ ಇಲ್ಲ. ನಿಮ್ಮ ಮನೆಯ ಕಿಟಕಿಗೆ ಸೊಳ್ಳೆ ಜಾಲರಿ ಇದ್ದರೆ ಇವತ್ತೇ ನೋಡಬಹುದು. ಮಧ್ಯಾಹ್ನ ರಸ್ತೆಯಲ್ಲಿ ನಿಂತು ನೋಡಿದರೆ ಜಾಲರಿ ಬೂದು ಬಣ್ಣದ ಪರದೆಯಂತೆ ಕಾಣುತ್ತದೆ, ಒಳಗೇನಿದೆ ಗೊತ್ತಾಗುವುದಿಲ್ಲ. ಒಳಗೆ ಕೂತವರಿಗೆ ಮಾತ್ರ ರಸ್ತೆ ಸ್ಪಷ್ಟ. ರಾತ್ರಿ ಒಳಗೆ ದೀಪ ಹಾಕಿದರೆ ಎಲ್ಲವೂ ತಿರುಗುಮುರುಗು. ಸಿಟಿ ಬಸ್ಸಿನ ಕಿಟಕಿಗಳ ಮೇಲೆ ಅಂಟಿಸುವ ತೂತು ತೂತಿನ ಜಾಹೀರಾತಿನದೂ ಇದೇ ಕೆಲಸ.

ಕಣ್ಣು ಬೆಳಕು ಹೆಚ್ಚಿರುವ ಕಡೆಗೆ ಹೊಂದಿಕೊಳ್ಳುತ್ತದೆ. ಟೆಂಟಿನ ಹೊರಮೈ ಬಿಸಿಲನ್ನು ಪ್ರತಿಫಲಿಸುತ್ತದೆ. ಒಳಗಿನ ಕತ್ತಲಿಂದ ತೂತುಗಳ ಮೂಲಕ ಹೊರಬರುವ ಬೆಳಕು ಅದರ ಮುಂದೆ ತೀರಾ ಕಡಿಮೆ. ಹಾಗಾಗಿ ಹೊರಗಿನ ಕಣ್ಣಿಗೆ ಚಿತ್ತಾರವಷ್ಟೇ ಕಾಣುತ್ತದೆ.

ಅಂದರೆ ಈ ತಂತ್ರ ನಿಂತಿರುವುದು ಬಟ್ಟೆಯ ಮೇಲಲ್ಲ, ಒಳಗಿನ ಮತ್ತು ಹೊರಗಿನ ಬೆಳಕಿನ ವ್ಯತ್ಯಾಸದ ಮೇಲೆ. ಇಲ್ಲಿ ಒಂದು ತಮಾಷೆ ಇದೆ. ಜಿಂಕೆಗಳು ಹೆಚ್ಚು ಓಡಾಡುವುದು ಮುಂಜಾವಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಆಗ ಹೊರಗೂ ಬೆಳಕು ಕಡಿಮೆ. ನಿಮಗೆ ಮರೆ ಬೇಕಾದ ಹೊತ್ತಿನಲ್ಲೇ ಮರೆ ತೆಳುವಾಗುತ್ತದೆ. ವಿಡಿಯೊಗಳನ್ನು ಒಳ್ಳೆಯ ಬಿಸಿಲಿನಲ್ಲಿ ತೆಗೆದಿರುವುದೇಕೆ ಎಂದು ಈಗ ಊಹಿಸಬಹುದು.

ಇನ್ನೊಂದು ತೊಂದರೆ, ನಾಲ್ಕೂ ಗೋಡೆ ಪಾರದರ್ಶಕವಾಗಿರುವ ಟೆಂಟುಗಳದು. ಹಿಂದಿನ ಗೋಡೆಯಿಂದ ಬೆಳಕು ಒಳಗೆ ಬಂದರೆ ನಿಮ್ಮ ತಲೆ, ಭುಜಗಳ ಆಕಾರ ನೆರಳು ಬೊಂಬೆಯಂತೆ ಮುಂದಿನ ಗೋಡೆಯಲ್ಲಿ ಮೂಡುತ್ತದೆ. ನೀವು ಅಲುಗಿದರೆ ನೆರಳೂ ಅಲುಗುತ್ತದೆ. ಹಾಗಾಗಿ ಕೊಳ್ಳುವಾಗ ಹಿಂಭಾಗದ ಒಂದೆರಡು ಗೋಡೆಯಾದರೂ ಪೂರ್ತಿ ಕಪ್ಪಾಗಿ ಮುಚ್ಚಿರುವುದನ್ನು, ಅಥವಾ ಒಳಗಿನಿಂದ ಕಪ್ಪು ಪರದೆ ಎಳೆದುಕೊಳ್ಳಲು ಬರುವುದನ್ನು ಆರಿಸುವುದು ಮೇಲು. ಒಳಗೆ ಕೂರುವವರ ಬಟ್ಟೆಯೂ ಕಪ್ಪಾಗಿರಬೇಕು. ಎಲೆ ಚಿತ್ತಾರದ ದುಬಾರಿ ಅಂಗಿ ಹೊರಗೆ ನಡೆಯುವವರಿಗೆ ಸರಿ, ಕಪ್ಪು ಗೋಡೆಯ ಮುಂದೆ ಅದು ಎದ್ದು ಕಾಣುತ್ತದೆ. ಹಳೆಯ ಕಪ್ಪು ಟೀ ಶರ್ಟೇ ಸಾಕು. ಮುಖ ಮತ್ತು ಕೈಗಳಿಗೂ ಕಪ್ಪು ಮುಸುಕು, ಕೈಗವಸು ಇದ್ದರೆ ಒಳ್ಳೆಯದು, ಏಕೆಂದರೆ ಕೊನೆಗೂ ಅಲುಗುವುದು ಅವೇ.

ಜಿಂಕೆಯ ಕಣ್ಣಿಗೆ ಏನು ಕಾಣುತ್ತದೆ?

ಪ್ರಾಣಿಗಳಿಗೆ ಬಣ್ಣವೇ ಕಾಣುವುದಿಲ್ಲ, ಎಲ್ಲ ಕಪ್ಪು ಬಿಳುಪು ಎಂಬ ಮಾತೂ ಇಂಥ ಫಾರ್ವರ್ಡ್‌ಗಳ ಜೊತೆ ಬರುತ್ತದೆ. ಇದು ಸುಳ್ಳು. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಮೂರು ಬಗೆ. ಅಮೆರಿಕದ ಬಿಳಿಬಾಲದ ಜಿಂಕೆಯ ಕಣ್ಣಿನಲ್ಲಿ ಎರಡು ಬಗೆ. 1990ರ ದಶಕದ ಆರಂಭದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಜಿಂಕೆಗಳ ಕಣ್ಣಿನ ಮೇಲೆ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು, ಅದು ಹುಟ್ಟಿಸುವ ವಿದ್ಯುತ್ ಸಂಕೇತವನ್ನು ಅಳೆದರು. ಒಂದು ಬಗೆಯ ಕೋನ್ 450ರಿಂದ 460 ನ್ಯಾನೊಮೀಟರ್ ಆಸುಪಾಸಿನ ನೀಲಿಗೆ, ಇನ್ನೊಂದು 537 ನ್ಯಾನೊಮೀಟರ್‌ನ ಹಳದಿ ಮಿಶ್ರಿತ ಹಸಿರಿಗೆ ಚೆನ್ನಾಗಿ ಸ್ಪಂದಿಸುತ್ತದೆ ಎಂದು ಗೊತ್ತಾಯಿತು. ಕೆಂಪಿಗೆಂದೇ ಇರುವ ಮೂರನೆಯದು ಇಲ್ಲ.

ಕೆಂಪು, ಕಿತ್ತಳೆ, ಹಸಿರುಗಳನ್ನು ಅದು ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು ಕಷ್ಟ. ನಮ್ಮಲ್ಲಿ ಕೆಂಪು-ಹಸಿರು ವರ್ಣಾಂಧತೆ ಇರುವವರ ನೋಟಕ್ಕೆ ಇದು ಹತ್ತಿರ. ನೀಲಿ ಮಾತ್ರ ಅದಕ್ಕೆ ಚೆನ್ನಾಗಿ ಕಾಣುತ್ತದೆ. ನೀಲಿ ಜೀನ್ಸ್ ಹಾಕಿಕೊಂಡು ಹಸಿರು ಟೋಪಿ ಇಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿ ಇದೆ. ಬಟ್ಟೆ ಬೆಳ್ಳಗೆ ಹೊಳೆಯಲಿ ಎಂದು ಅನೇಕ ಡಿಟರ್ಜೆಂಟ್‌ಗಳಲ್ಲಿ, ಹೊಸ ಬಟ್ಟೆಗಳಲ್ಲಿ ಒಂದು ಬಗೆಯ ಹೊಳಪಿನ ರಾಸಾಯನಿಕ ಸೇರಿಸುತ್ತಾರೆ. ಅಮ್ಮಂದಿರು ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿ ಬೇರೆ, ಇದು ಬೇರೆ. ಈ ರಾಸಾಯನಿಕ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಅದನ್ನೇ ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಅಂಗಡಿಗಳಲ್ಲಿ ಖೋಟಾ ನೋಟು ನೋಡುವ ನೇರಳೆ ದೀಪದ ಕೆಳಗೆ ನಿಮ್ಮ ಬಿಳಿ ಶರ್ಟಿನ ತೋಳು ಇಟ್ಟು ನೋಡಿ, ಭಗ್ಗನೆ ನೀಲಿಯಾಗಿ ಹೊಳೆಯುತ್ತದೆ. ಆ ನೀಲಿ ಜಿಂಕೆಯ ಕಣ್ಣು ಅತಿ ಚೆನ್ನಾಗಿ ಗ್ರಹಿಸುವ ಬಣ್ಣದ ಆಸುಪಾಸಿನಲ್ಲೇ ಇದೆ. ಮುಸ್ಸಂಜೆಯಲ್ಲಿ ಆಕಾಶದ ಬೆಳಕಿನಲ್ಲಿ ನೀಲಿ, ನೇರಳೆಗಳ ಪಾಲು ಹೆಚ್ಚಿರುವುದರಿಂದ ಈ ಹೊಳಪೂ ಎದ್ದು ಕಾಣುತ್ತದೆ.

ಹೀಗಾಗಿ ಅಗ್ಗದ ಟೆಂಟು ನಮ್ಮ ಕಣ್ಣಿಗೆ ಕಾಡಿನಲ್ಲಿ ಕರಗಿಹೋದಂತೆ ಕಂಡರೂ ಜಿಂಕೆಯ ಕಣ್ಣಿಗೆ ಮಂಕು ನೀಲಿಯಲ್ಲಿ ಬೆಳಗುತ್ತಿರಬಹುದು. ಟೆಂಟು ಬಂದ ದಿನವೇ ಕತ್ತಲೆ ಕೋಣೆಯಲ್ಲಿ ನೋಟು ನೋಡುವ ಆ ಪುಟ್ಟ ದೀಪ ಹಾಯಿಸಿ ನೋಡಿ. ಹೊಳೆದರೆ ವಾಪಸ್ ಕಳಿಸಿ. ವಿಮರ್ಶೆಯಲ್ಲಿ ಬಂದ ಐದು ನಕ್ಷತ್ರಗಳಿಗಿಂತ ಈ ಪರೀಕ್ಷೆ ನಂಬಿಕೆಗೆ ಅರ್ಹ.

ಹಾಗಿದ್ದರೆ ಕಿತ್ತಳೆ ಬಟ್ಟೆ ಏಕೆ?

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬಂದೂಕಿನ ಜಿಂಕೆ ಬೇಟೆಯ ಕಾಲದಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ, ಟೋಪಿ ಕಡ್ಡಾಯ. ಅಡಗಿ ಕೂರುವವರು ಇಷ್ಟು ಢಾಳಾದ ಬಣ್ಣ ಹಾಕುವುದು ವಿಚಿತ್ರ ಎನಿಸಬಹುದು. ಮೇಲೆ ಹೇಳಿದ ಕಣ್ಣಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಆ ಕಿತ್ತಳೆ ಸುಮಾರು 600 ನ್ಯಾನೊಮೀಟರ್‌ನದು. ಮನುಷ್ಯನಿಗೆ ದೂರದಿಂದಲೇ ಕಾಣುತ್ತದೆ, ಜಿಂಕೆಗೆ ಸುತ್ತಲಿನ ಎಲೆಗಳ ಬಣ್ಣದಲ್ಲೇ ಸೇರಿಹೋಗುತ್ತದೆ.

ಟೆಂಟಿನೊಳಗೆ ಕೂತವರಿಗೆ ಇದು ಪ್ರಾಣದ ಪ್ರಶ್ನೆ. ನೀವು ಕಿತ್ತಳೆ ಅಂಗಿ ಹಾಕಿ ಒಳಗೆ ಕೂತರೆ ಅದು ಹೊರಗಿನ ಯಾರಿಗೂ ಕಾಣುವುದಿಲ್ಲ. ಪಕ್ಕದ ಗುಡ್ಡದ ಇನ್ನೊಬ್ಬ ಬೇಟೆಗಾರ ನಿಮ್ಮ ಟೆಂಟಿನ ಮುಂದಿರುವ ಜಿಂಕೆಗೆ ಗುರಿ ಇಟ್ಟರೆ, ಗುರಿಯ ಹಿಂದೆ ಮನುಷ್ಯರಿದ್ದಾರೆ ಎಂದು ಅವನಿಗೆ ತಿಳಿಯುವ ದಾರಿಯೇ ಇಲ್ಲ. ಬಟ್ಟೆಯ ಗೋಡೆ ಗುಂಡನ್ನು ತಡೆಯುವುದಿಲ್ಲ. ಅದಕ್ಕೇ ಮಿನ್ನೆಸೋಟದಲ್ಲಿ ಒಂದು ನಿಯಮವಿದೆ. ಸಾರ್ವಜನಿಕ ಜಾಗದಲ್ಲಿ ಬಟ್ಟೆಯ ಬ್ಲೈಂಡ್ ಹಾಕಿದರೆ ಅದರ ನೆತ್ತಿಯ ಮೇಲೆ ಸುತ್ತಲಿಂದಲೂ ಕಾಣುವ ಕಿತ್ತಳೆ ಹೊದಿಕೆ ಇರಬೇಕು, ಇಲ್ಲವೇ ಪ್ರತಿ ಬದಿಯಲ್ಲೂ ಕನಿಷ್ಠ 144 ಚದರ ಅಂಗುಲ, ಅಂದರೆ ಒಂದಡಿ ಚೌಕದಷ್ಟು ಕಿತ್ತಳೆ ಬಟ್ಟೆ ಇರಬೇಕು. ಇದು ಟೆಂಟಿನ ಜೊತೆ ಪೆಟ್ಟಿಗೆಯಲ್ಲಿ ಬರದಿದ್ದರೆ ಬೇರೆಯೇ ಕೊಳ್ಳಿ. ಕಡ್ಡಾಯ ಇಲ್ಲದ ರಾಜ್ಯದಲ್ಲಿದ್ದರೂ ಹಾಕಿ. ಜಿಂಕೆ ಓಡುತ್ತದೆ ಎಂಬ ನೆಪ ನಡೆಯುವುದಿಲ್ಲ.

ಕಣ್ಣು ತಪ್ಪಿಸಿದಿರಿ, ಮೂಗು?

ಟೆಂಟು ವಾಸನೆಯನ್ನು ಹೊರಗೆ ಬಿಡುವುದಿಲ್ಲ ಎನ್ನುವುದು ಫಾರ್ವರ್ಡಿನ ಅತಿ ದೊಡ್ಡ ಸುಳ್ಳು. ಉಸಿರಾಡಲು ಗಾಳಿ ಒಳಗೆ ಬರಬೇಕಾದರೆ ಹೊರಗೂ ಹೋಗಲೇಬೇಕು. ಗಾಳಿ ಬರುವ ಕಡೆಯ ಕಿಟಕಿ ಮುಚ್ಚಿದರೆ ವಾಸನೆ ಹೊರಹೋಗುವುದು ಸ್ವಲ್ಪ ನಿಧಾನವಾಗಬಹುದು, ನಿಲ್ಲುವುದಿಲ್ಲ.

ವಾಸನೆ ಹೀರುವ ಇದ್ದಿಲಿನ ಪದರವಿದೆ ಎಂದು ಮಾರುವ ಬಟ್ಟೆಗಳ ಕಥೆಯೂ ಹೀಗೇ. ಅಂಥ ಉಡುಪು ತೊಟ್ಟವರನ್ನು ಹುಡುಕುವ ನಾಯಿಗಳಿಂದ ಪತ್ತೆ ಮಾಡಿಸುವ ಒಂದು ಪ್ರಯೋಗ 2002ರಲ್ಲಿ ಅಮೆರಿಕದ ವನ್ಯಜೀವಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ನಾಯಿಗಳು ಬಹುತೇಕ ಎಲ್ಲ ಸಲವೂ ಅಡಗಿದವರನ್ನು ಕಂಡುಹಿಡಿದವು. ಜಿಂಕೆ ನಾಯಿಯಲ್ಲ, ನಿಜ. ಆದರೆ ವಾಸನೆಯಿಂದ ಜೀವ ಉಳಿಸಿಕೊಳ್ಳುವ ಪ್ರಾಣಿ ಅದು.

ಕೆಲಸಕ್ಕೆ ಬರುವುದು ಗಾಳಿಯ ದಿಕ್ಕು ನೋಡಿ ಟೆಂಟು ಹಾಕುವುದೊಂದೇ. ಸ್ವಲ್ಪ ಪೌಡರ್ ಉದುರಿಸಿದರೆ ಗಾಳಿ ಎತ್ತ ಹೋಗುತ್ತದೆ ತಿಳಿಯುತ್ತದೆ. ಗುಡ್ಡದ ಇಳಿಜಾರಿನಲ್ಲಿ ಬಿಸಿಲೇರಿದಂತೆ ಗಾಳಿ ಮೇಲಕ್ಕೆ ಹರಿಯುತ್ತದೆ, ಸಂಜೆ ತಣ್ಣಗಾದಂತೆ ಕೆಳಕ್ಕಿಳಿಯುತ್ತದೆ. ಬೆಳಗ್ಗೆ ಸರಿಯಾಗಿದ್ದ ಜಾಗ ಸಂಜೆಗೆ ತಪ್ಪಾಗುವುದು ಹೀಗೆ. ಹೊಸ ಟೆಂಟಿಗೆ ಪ್ಲಾಸ್ಟಿಕ್, ಬಣ್ಣದ ಕಟು ವಾಸನೆ ಇರುತ್ತದೆ. ಕೆಲವು ದಿನ ಹೊರಗೆ ಬಿಚ್ಚಿ ಹರವಿ ಗಾಳಿಗೆ ಇಡಿ.

ಕಿವಿಯ ವಿಷಯವನ್ನೂ ಇಲ್ಲೇ ಹೇಳಿಬಿಡೋಣ. ನಮಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ, ಬಿಳಿಬಾಲದ ಜಿಂಕೆಗೆ 30ರವರೆಗೂ ಕೇಳುವುದು ಪ್ರಯೋಗಗಳಲ್ಲಿ ಕಂಡಿದೆ. ಕಿಟಕಿಗೆ ಜಿಪ್ ಇದೆಯೇ, ಪರ್ ಎಂದು ಕೀಳುವ ವೆಲ್ಕ್ರೋ ಇದೆಯೇ, ಸದ್ದಿಲ್ಲದೆ ಜಾರುವ ಪರದೆ ಇದೆಯೇ ನೋಡಿ. ವೆಲ್ಕ್ರೋ ಬೇಡವೇ ಬೇಡ.

ಜಿಂಕೆಗೆ ಒಂದು, ಟರ್ಕಿಗೆ ಇನ್ನೊಂದು

ಕಾಡು ಟರ್ಕಿ ಕೋಳಿಯ ಕಣ್ಣು ಜಿಂಕೆಯದಕ್ಕಿಂತ ಬಹಳ ಮುಂದೆ. ಹಕ್ಕಿಗಳಿಗೆ ಬಣ್ಣದ ಕೋನ್‌ಗಳು ನಾಲ್ಕು ಬಗೆ. ಕಿತ್ತಳೆಯೂ ಕಾಣುತ್ತದೆ, ಸಣ್ಣ ಚಲನೆಯೂ ಕಾಣುತ್ತದೆ. ಆದರೂ ಅನುಭವಿ ಬೇಟೆಗಾರರು ಹೇಳುವ ವಿಚಿತ್ರವೆಂದರೆ, ಬಯಲಿನ ನಡುವೆ ದಿಢೀರನೆ ಹುಟ್ಟಿಕೊಂಡ ಟೆಂಟನ್ನು ಟರ್ಕಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜಿಂಕೆ ಹಾಗಲ್ಲ. ನಿನ್ನೆ ಇಲ್ಲದ ವಸ್ತು ಇಂದು ಇದ್ದರೆ ದೂರದಲ್ಲೇ ನಿಂತು ನೆಲಕ್ಕೆ ಕಾಲು ಬಡಿದು ನೋಡುತ್ತದೆ. ಜಿಂಕೆಗಾಗಿ ಕೂರುವವರು ಕೆಲವು ವಾರ ಮೊದಲೇ ಟೆಂಟು ಹಾಕಿ, ಸುತ್ತ ಅಲ್ಲಿಯದೇ ಒಣಕೊಂಬೆ, ಹುಲ್ಲು ಕಟ್ಟಿ, ಮೇಲ್ಭಾಗದ ನೇರ ಗೆರೆ ಮುರಿದು ಬಿಡುತ್ತಾರೆ. ಟೆಂಟಿಗೆ ಕೊಂಬೆ ಸಿಕ್ಕಿಸುವ ಪಟ್ಟಿಗಳಿವೆಯೇ ಎಂದು ನೋಡಬೇಕಾದದ್ದು ಇದಕ್ಕೇ. ಚಿತ್ತಾರ ಯಾವ ಮರದ್ದು ಎಂಬುದಕ್ಕಿಂತ ಈ ಪಟ್ಟಿಗಳೇ ಮುಖ್ಯ.

ಕೊಳ್ಳುವಾಗ ಮೋಸ ಹೋಗುವ ಜಾಗಗಳು

ಮೊದಲನೆಯದು ಅಳತೆ. ಈ ಟೆಂಟುಗಳ ಗೋಡೆಯ ನಡುವೆ ಒಂದು ಹಬ್ ಇರುತ್ತದೆ. ಅದನ್ನು ಹೊರಗೆ ಎಳೆದಾಗ ಛತ್ರಿಯಂತೆ ಗೋಡೆ ಬಿಗಿಯಾಗಿ ಉಬ್ಬುತ್ತದೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕೊಡುವುದು ಒಂದು ಉಬ್ಬಿನಿಂದ ಎದುರಿನ ಉಬ್ಬಿಗಿರುವ ಅಳತೆ. ನಿಮ್ಮ ಕುರ್ಚಿ ಕೂರುವುದು ನೆಲದ ಮೇಲೆ, ಅಲ್ಲಿ ಜಾಗ ಅದಕ್ಕಿಂತ ಕಡಿಮೆ. ಮೂವರಿಗೆ ಎಂದು ಬರೆದಿದ್ದರೆ ಇಬ್ಬರಿಗೆ ಎಂದು ಓದಿಕೊಳ್ಳಿ. ಬಿಲ್ಲು ಎಳೆಯುವವರಾದರೆ ಮೊಣಕೈ ಹಿಂದಕ್ಕೆ ಬರಲು ಜಾಗ ಬೇಕು, ಆಗ ಒಬ್ಬರು ಮತ್ತು ಒಂದು ಚೀಲಕ್ಕೆ ಸರಿಹೋಗುತ್ತದೆ.

ಎರಡನೆಯದು ಬಟ್ಟೆಯ ಡೆನಿಯರ್. 300 ಇದ್ದರೆ 150ಕ್ಕಿಂತ ಎರಡು ಪಟ್ಟು ಒಳ್ಳೆಯದು ಎನ್ನುವಂತೆ ಬರೆದಿರುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್. ಅದು ನೂಲಿನ ದಪ್ಪ ಹೇಳುತ್ತದೆ, ನೇಯ್ಗೆಯ ಗುಣವನ್ನಾಗಲಿ ಮಳೆ ತಡೆಯುವುದನ್ನಾಗಲಿ ಅಲ್ಲ. ಮಳೆ ಸಾಮಾನ್ಯವಾಗಿ ಸೋರುವುದು ಹೊಲಿಗೆಯಲ್ಲಿ. ಪಾರದರ್ಶಕ ಜಾಲರಿಯ ಗೋಡೆಯಿಂದಂತೂ ಗಾಳಿ, ಹನಿ ಎರಡೂ ಬರುತ್ತವೆ.

ತೂಕ ಸುಮಾರು 7ರಿಂದ 11 ಕಿಲೋ ಇರುತ್ತದೆ. ಕಾರಿನಿಂದ ಐವತ್ತು ಹೆಜ್ಜೆ ನಡೆಯುವವರಿಗೆ ಇದು ಏನೂ ಅಲ್ಲ, ಒಂದೆರಡು ಮೈಲಿ ಹೊರುವವರಿಗೆ ಬಹಳ. ಜೊತೆಗೆ ಬರುವ ತೆಳು ಗೂಟಗಳನ್ನು ನಂಬಬೇಡಿ. ಗಾಳಿಗೆ ಪಟಪಟ ಬಡಿಯುವ ಬಟ್ಟೆ ಪ್ರಾಣಿಗಳಿಗೆ ಮೊದಲ ಎಚ್ಚರಿಕೆ. ಒಳ್ಳೆಯ ಗೂಟ, ಹಗ್ಗ ಬೇರೆ ತೆಗೆದುಕೊಳ್ಳಿ.

ಕುರ್ಚಿಯನ್ನು ಕೊನೆಗೆ ಕೊಳ್ಳುವ ತಪ್ಪು

ಎಲ್ಲರೂ ಟೆಂಟಿಗೆ ಹಣ ಸುರಿದು, ಉಳಿದ ಚಿಲ್ಲರೆಯಲ್ಲಿ ಸ್ಟೂಲ್ ತರುತ್ತಾರೆ. ನಾವು ಕೇಳಿದರೆ ಲೆಕ್ಕ ಉಲ್ಟಾ ಇರಬೇಕು. ಪ್ರಾಣಿಗೆ ನಿಮ್ಮನ್ನು ತೋರಿಸಿಕೊಡುವುದು ಚಲನೆ. ಚಲನೆಗೆ ಕಾರಣ ನೋವು. ನೋವು ಬರುವುದು ಕೆಟ್ಟ ಕುರ್ಚಿಯಿಂದ.

ಮೊದಲು ಎತ್ತರ. ಕುರ್ಚಿಯಲ್ಲಿ ಕೂತಾಗ ಆಸನದಿಂದ ಕಣ್ಣಿನವರೆಗೆ ದೊಡ್ಡವರಲ್ಲಿ ಸುಮಾರು 70ರಿಂದ 80 ಸೆಂಟಿಮೀಟರ್. ಆಸನ 45 ಸೆಂಟಿಮೀಟರ್ ಎತ್ತರವಿದ್ದರೆ ಕಣ್ಣು ನೆಲದಿಂದ 115ರಿಂದ 125ರಲ್ಲಿ ಬರುತ್ತದೆ. ಟೆಂಟಿನ ಕಿಟಕಿಯ ಕೆಳ ಅಂಚು ಅದಕ್ಕಿಂತ ಸಾಕಷ್ಟು ಕೆಳಗೆ ಇರಬೇಕು. ಅಂಚು ಕಣ್ಣಿನ ಮಟ್ಟಕ್ಕಿದ್ದರೆ ಪ್ರತಿ ಸಲ ಕತ್ತೆತ್ತಿ ಇಣುಕಬೇಕಾಗುತ್ತದೆ. ಗಿಡ್ಡ ಮಡಚುವ ಸ್ಟೂಲ್ ತಂದು, ಕೊನೆಗೆ ಮಂಡಿಯೂರಿ ನೋಡುವ ಗತಿ ಬರುವುದು ಹೀಗೆ. ಟೆಂಟಿನ ಕಿಟಕಿ ಅಳತೆ, ಕುರ್ಚಿಯ ಎತ್ತರ ಎರಡನ್ನೂ ಒಂದು ಕಾಗದದ ಮೇಲೆ ಬರೆದು ಕೂಡಿಸಿ ನೋಡಿ, ಆಮೇಲೆ ಹಣ ಕೊಡಿ. ಕಾಲುಗಳ ಉದ್ದ ಒಂದೊಂದಾಗಿ ಹೊಂದಿಸಲು ಬರುವ ಕುರ್ಚಿ ಇಳಿಜಾರಿನಲ್ಲೂ ಕೆಲಸ ಮಾಡುತ್ತದೆ.

ಗಿಡ್ಡ ಆಸನಕ್ಕೆ ಇನ್ನೊಂದು ಕೇಡಿದೆ. ಮಂಡಿ ಸೊಂಟಕ್ಕಿಂತ ಮೇಲೆ ಬಂದಾಗ ಬೆನ್ನು ಬಾಗುತ್ತದೆ. ಬಟ್ಟೆಯ ಜೋಲಿ ಆಸನದ ಮುಂದಿನ ಕಂಬಿ ತೊಡೆಯ ಕೆಳಗೆ ಒತ್ತುತ್ತದೆ. ಅರ್ಧ ಗಂಟೆಗೆ ಕಾಲು ಜೋಮು ಹಿಡಿಯುತ್ತದೆ. ರಕ್ತ ನಿಂತುಹೋಗಿ ಜೋಮು ಬರುತ್ತದೆ ಎಂದೇ ನಾವೆಲ್ಲ ಕೇಳಿ ಬೆಳೆದಿದ್ದೇವೆ. ಮುಖ್ಯ ಕಾರಣ ನರದ ಮೇಲೆ ಬೀಳುವ ಒತ್ತಡ. ಒತ್ತಡದಲ್ಲಿರುವ ನರ ಸಂಕೇತವನ್ನು ಸರಿಯಾಗಿ ಸಾಗಿಸುವುದಿಲ್ಲ, ಬಿಟ್ಟಾಗ ಸೂಜಿ ಚುಚ್ಚಿದಂತೆ ಅನಿಸುತ್ತದೆ. ಇಲ್ಲಿ ಅಪಾಯ ಏನೆಂದರೆ, ಜೋಮು ಹಿಡಿದ ಕಾಲಿನಲ್ಲಿ ತುಂಬಿದ ಬಂದೂಕು ಹಿಡಿದು ಎದ್ದು ನಿಂತವರು ಮುಗ್ಗರಿಸುತ್ತಾರೆ.

ಮೂರು ಕಾಲಿನ ಸ್ಟೂಲ್ ಎಂಥ ಉಬ್ಬುತಗ್ಗಿನ ನೆಲದಲ್ಲೂ ಕುಂಟುವುದಿಲ್ಲ. ಯಾವುದೇ ಮೂರು ಬಿಂದುಗಳ ಮೂಲಕ ಒಂದು ಸಮತಲ ಹಾಯುತ್ತದೆ ಎಂದು ಶಾಲೆಯಲ್ಲಿ ಓದಿದ ಜ್ಯಾಮಿತಿಯೇ ಇದು. ಆದರೆ ಪಕ್ಕಕ್ಕೆ ವಾಲಿದರೆ ಬೇಗ ಉರುಳುತ್ತದೆ. ಕೆಸರು, ಮೆತ್ತನೆ ಮಣ್ಣಿನಲ್ಲಿ ಚೂಪು ಕಾಲು ಹೂತುಹೋಗುತ್ತದೆ, ಅಗಲ ತಟ್ಟೆಯಂಥ ಪಾದವಿರುವ ನಾಲ್ಕು ಕಾಲಿನ ಕುರ್ಚಿ ಮೇಲು. ಸದ್ದಿಲ್ಲದೆ ಸುತ್ತುವ ಆಸನ ಸಿಕ್ಕರೆ ಅದಕ್ಕೆ ಹೆಚ್ಚು ಹಣ ಕೊಡಬಹುದು, ದೇಹ ತಿರುಚುವುದು ತಪ್ಪುತ್ತದೆ. ತೂಕದ ಮಿತಿ ನೋಡುವಾಗ ನಿಮ್ಮ ತೂಕದ ಜೊತೆ ಚಳಿಗಾಲದ ದಪ್ಪ ಬಟ್ಟೆ, ಬೂಟುಗಳನ್ನೂ ಸೇರಿಸಿ.

ಪರೀಕ್ಷೆ ಸುಲಭ. ಕುರ್ಚಿ ಬಂದ ದಿನ ಮೊಬೈಲ್ ದೂರ ಇಟ್ಟು ಹಾಲ್‌ನಲ್ಲಿ ಒಂದು ಗಂಟೆ ಅಲುಗದೆ ಕೂತುಕೊಳ್ಳಿ. ಎಷ್ಟು ಸಲ ಕೀರಲು ಸದ್ದು ಬಂತು, ಎಷ್ಟು ಸಲ ಕಾಲು ಬದಲಿಸಿದಿರಿ ಎಂದು ಮನೆಯವರಿಗೆ ಎಣಿಸಲು ಹೇಳಿ. ನಮ್ಮ ಕಚೇರಿಯ ಮಡಚುವ ಸ್ಟೂಲಿನಲ್ಲಿ ನಾವು ಇದನ್ನು ಮಾಡಿ ನೋಡಿದೆವು, ಹದಿನೆಂಟನೇ ನಿಮಿಷಕ್ಕೆ ಸೋತೆವು.

ಚಳಿ ಎಂದು ಹೀಟರ್ ಹಚ್ಚುವ ಮೊದಲು

ಈ ಇಡೀ ಬರಹದಲ್ಲಿ ನೀವು ಬೇರೆಯವರಿಗೆ ಕಳಿಸಬೇಕಾದದ್ದು ಈ ಭಾಗ.

ಮಿನ್ನೆಸೋಟದ ನವೆಂಬರಿನಲ್ಲಿ ನೀರು ಹೆಪ್ಪುಗಟ್ಟುವ ಚಳಿ. ಪುಟ್ಟ ಪ್ರೊಪೇನ್ ಹೀಟರ್ ಹಚ್ಚಿಕೊಂಡು ಕಿಟಕಿ ಮುಚ್ಚಿ ಕೂರುವ ಆಸೆ ಆಗುವುದು ಸಹಜ. ಅನಿಲ ಪೂರ್ತಿ ಉರಿಯಲು ಸಾಕಷ್ಟು ಆಮ್ಲಜನಕ ಸಿಗದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದವರು ಆ ಮಂಪರನ್ನು ನಿದ್ದೆ ಎಂದುಕೊಳ್ಳುತ್ತಾರೆ, ಅಲ್ಲೇ ಕೈತಪ್ಪುತ್ತದೆ.

ಟೆಂಟಿಗೆ ನೆಲವಿಲ್ಲ, ಬಟ್ಟೆಯಲ್ಲವೇ, ಗಾಳಿ ಆಡುತ್ತದೆ ಎಂದು ನಂಬಬೇಡಿ. ಆಮ್ಲಜನಕ ಕಡಿಮೆಯಾದರೆ ತಾನೇ ಆರುವ ಹೀಟರ್‌ಗಳಿವೆ, ಅವು ಅಳೆಯುವುದು ಆಮ್ಲಜನಕವನ್ನು, ಕಾರ್ಬನ್ ಮಾನಾಕ್ಸೈಡನ್ನಲ್ಲ. ಬಳಸಲೇಬೇಕಾದರೆ ಎದುರುಬದುರು ಎರಡು ಕಡೆ ಕಿಟಕಿ ತೆರೆದಿರಲಿ, ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಜೊತೆಗಿರಲಿ, ಹೀಟರ್ ಹಚ್ಚಿ ನಿದ್ದೆ ಮಾಡಲೇಬೇಡಿ. ತಲೆ ಭಾರವೆನಿಸಿದರೆ ಜಿಂಕೆ ಎದುರಿಗಿದ್ದರೂ ಎದ್ದು ಹೊರಗೆ ಬನ್ನಿ, 911ಕ್ಕೆ ಕರೆ ಮಾಡಿ. ಇಲ್ಲಿ 112. ನಮ್ಮಲ್ಲಿ ಚಳಿಗೆ ಬಾಗಿಲು ಮುಚ್ಚಿ ಕೋಣೆಯಲ್ಲಿ ಇದ್ದಿಲು ಕೆಂಡ ಇಟ್ಟುಕೊಂಡು ಮಲಗಿದವರು ಏಳದೇ ಹೋಗುವುದೂ ಇದೇ ಅನಿಲದಿಂದ.

ಹೈಡ್‌ನಲ್ಲಿ ಕೂತು ಹಕ್ಕಿ ಫೋಟೊ ತೆಗೆಯುವ ನಮ್ಮ ಗೆಳೆಯರು ಒಳಗೆ ಸೊಳ್ಳೆ ಬತ್ತಿ ಹಚ್ಚುವುದನ್ನು ನೋಡಿದ್ದೇವೆ. ಒಂದು ಬತ್ತಿ ಪೂರ್ತಿ ಉರಿದರೆ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಪುಟ್ಟ ಟೆಂಟಿನಲ್ಲಿ ಅದು ಬೇಡ. ಮೈಗೆ ಹಚ್ಚುವ ಮುಲಾಮು, ಉದ್ದ ತೋಳಿನ ಅಂಗಿ ಸಾಕು.

ಅಮೆರಿಕದ ಓದುಗರಿಗೆ ಕಾನೂನಿನ ಎರಡು ಮಾತು

ಬೇಟೆಗೆ ಲೈಸೆನ್ಸ್ ಬೇಕೇ ಬೇಕು. ಮಿನ್ನೆಸೋಟದಲ್ಲಿ 1979ರ ಡಿಸೆಂಬರ್ 31ರ ನಂತರ ಹುಟ್ಟಿದವರು ಬಂದೂಕು ಸುರಕ್ಷತೆಯ ತರಬೇತಿಯನ್ನೂ ಮುಗಿಸಿರಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಇನ್ನೊಂದನ್ನು ಗಮನಿಸಬೇಕು. ಅವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಲ್ಲಿನ ಮಾನ್ಯ ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ. ಗೆಳೆಯನ ಬಂದೂಕು ತಾನೇ, ಸ್ವಲ್ಪ ಹೊತ್ತು ಹಿಡಿದುಕೊಂಡರೆ ಏನು ಎಂಬ ಮಾತು ನಡೆಯುವುದಿಲ್ಲ. ವೀಸಾ, ಗ್ರೀನ್ ಕಾರ್ಡ್ ಎಲ್ಲಕ್ಕೂ ಕುತ್ತು. ಹೊರಡುವ ಮೊದಲು ವಲಸೆ ವಕೀಲರನ್ನು ಒಮ್ಮೆ ಕೇಳಿ.

ಇಲ್ಲಿ ತರಿಸಿಕೊಂಡರೆ?

ಟೆಂಟು ಕೊಳ್ಳುವುದು ಅಪರಾಧವಲ್ಲ. ಅದರೊಳಗೆ ಕೂತು ಬೇಟೆಯಾಡುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪಟ್ಟಿಯಲ್ಲಿರುವ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಬಲೆ ಉರುಳು ಹಾಕುವುದು, ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. 2022ರ ತಿದ್ದುಪಡಿಯ ನಂತರ, ಮೊದಲ ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ ಅಥವಾ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿನ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ತೋಟಕ್ಕೆ ಬರುವ ನವಿಲು ಮೊದಲ ಪಟ್ಟಿಯಲ್ಲಿದೆ.

ಹಂದಿ ಕಾಟದ ಬಗ್ಗೆ ಬರೆದ ಓದುಗರಿಗೆ: ಬೆಳೆದು ನಿಂತ ಬೆಳೆಗೆ ಅಪಾಯವಾದಾಗ ಕೆಲವು ಪ್ರಾಣಿಗಳ ವಿಷಯದಲ್ಲಿ ಅನುಮತಿ ಕೊಡುವ ಅಧಿಕಾರವನ್ನು ಕಾಯ್ದೆಯ 11ನೇ ಸೆಕ್ಷನ್ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮತ್ತು ಅವರು ಅಧಿಕಾರ ಕೊಟ್ಟ ಅಧಿಕಾರಿಗೆ ನೀಡಿದೆ. ಅದು ಲಿಖಿತವಾಗಿ, ಕಾರಣ ಸಹಿತ ಬರಬೇಕು. ಊರಿನ ಮುಖಂಡರ ಒಪ್ಪಿಗೆ, ಗಾರ್ಡ್‌ನ ಬಾಯಿಮಾತು ಅನುಮತಿಯಲ್ಲ. ಬೆಳೆ ಹಾಳಾಗಿದ್ದರೆ ಮೊದಲು ಫೋಟೊ ತೆಗೆದು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಟೆಂಟಿನ ಹಣ ಉಳಿಯಿತು ಎಂದುಕೊಳ್ಳಿ.

ಕ್ಯಾಮೆರಾದವರಿಗೆ ಈ ಟೆಂಟು, ಕುರ್ಚಿಗಳು ಖಂಡಿತ ಉಪಯುಕ್ತ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್‌ನಂಥ ಕಡೆ ಹಕ್ಕಿಗಳು ನೀರಾಡಲು ಬರುವ ತೊಟ್ಟಿಗಳ ಎದುರು ಅಲುಗದೆ ಕೂತು ಫೋಟೊ ತೆಗೆಯುವವರಿಗೆ ಒಳ್ಳೆಯ ಕುರ್ಚಿಯ ಬೆಲೆ ಗೊತ್ತು. ಅಭಯಾರಣ್ಯದೊಳಗೆ ಮಾತ್ರ ಸ್ವಂತ ಟೆಂಟು ಹಾಕಲು ಅನುಮತಿ ಬೇಕು. ಗೂಡಿನ ಪಕ್ಕ ಯಾವ ಕಾರಣಕ್ಕೂ ಹಾಕಬೇಡಿ. ತಾಯಿ ಹಕ್ಕಿ ಹೆದರಿ ಗೂಡು ಬಿಟ್ಟರೆ ಮೊಟ್ಟೆ, ಮರಿಗಳು ಬಿಸಿಲಿಗೋ ಕಾಗೆಗೋ ಸಿಗುತ್ತವೆ. ಅಷ್ಟೇ ಅಲ್ಲ, ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಕೂಡ ಕಾಯ್ದೆಯ ವ್ಯಾಖ್ಯೆಯಲ್ಲಿ ಬೇಟೆ ಎಂಬ ಪದದೊಳಗೇ ಬರುತ್ತದೆ. ಕೈಯಲ್ಲಿರುವುದು ಬಂದೂಕಲ್ಲ, ಕ್ಯಾಮೆರಾ ಎಂಬ ವಾದ ಅಲ್ಲಿ ಉಳಿಯುವುದಿಲ್ಲ.